ಪೆನ್ಸಿಲಿನಲ್ಲಿ ಬರೆದ ಕಡಲು

ಹೌರಾ

ಕೋಲ್ಕತ್ತಕ್ಕೆ ಹೋಗಿ ಬಂದದ್ದನ್ನು ಪರದೇಶ ಪ್ರವಾಸ ಅಂದರೆ ನಗುವವರು ನಗಲಿ. ಮಂಗಳೂರು ಕಡೆಯ ಒಂದು ಪುಟ್ಟ ಬಂದರಿನಲ್ಲಿ ಮೂವತ್ತೊಂದು ವರ್ಷ ಒಂದೇ ಕಂಬವನ್ನು ನೋಡುತ್ತ ಕಳೆದವನು ನಾನು. ಎರಡು ಕಡೆ ರೈಲು ಬದಲಿಸಿ, ಮೂರನೆಯ ದಿನ ಬೆಳಿಗ್ಗೆ, ಒಂದಕ್ಷರವೂ ಓದಲು ಬಾರದ ಬೋರ್ಡುಗಳ ಕೆಳಗೆ ಇಳಿದಾಗ ನನ್ನ ಪಾಲಿಗೆ ಅದು ಪರದೇಶವೇ ಆಗಿತ್ತು. ಜನ ಮಾತ್ರ ನಮ್ಮವರ ಹಾಗೆಯೇ ಇದ್ದರು. ಅನ್ನ, ಮೀನು, ಬೆವರು, ಎಲ್ಲದಕ್ಕೂ ಒಂದು ಅಭಿಪ್ರಾಯ.

ಹೌರಾ ನಿಲ್ದಾಣದಲ್ಲಿ ಒಬ್ಬ ಕೂಲಿ ನನ್ನ ತಗಡಿನ ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲಿಟ್ಟ. ಇಟ್ಟವನು ಒಮ್ಮೆ ಕಣ್ಣು ಮುಚ್ಚಿ ತೆರೆದ.

"ಕ್ಯಾ ಹೈ ಬಾಬು, ಪತ್ಥರ್?"

"ಕಿತಾಬ್" ಎಂದೆ.

ಅವನು ನಂಬಲಿಲ್ಲ. ಆದರೂ ಆ ಜನಜಂಗುಳಿಯಲ್ಲಿ ನನಗಿಂತ ಇಪ್ಪತ್ತು ಮಾರು ಮುಂದೆ, ಪೆಟ್ಟಿಗೆ ಅಲುಗದ ಹಾಗೆ ನಡೆದ. ನಾನು ಅವನ ಕೆಂಪು ಅಂಗಿಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ಓಡಿದೆ. ಪೆಟ್ಟಿಗೆ ಕಳೆದುಹೋದರೆ ಎಂಬ ಹೆದರಿಕೆ ಇತ್ತು. ಕಳೆದುಹೋದರೆ ಒಳ್ಳೆಯದಿತ್ತು ಎಂಬ ಆಸೆಯೂ ಇತ್ತು. ಸತ್ಯ ಹೇಳುವುದಾದರೆ ಆಸೆಯೇ ಒಂದು ತೂಕ ಹೆಚ್ಚು.

ಪೆಟ್ಟಿಗೆಯೊಳಗೆ ಇದ್ದದ್ದು ನಾನು ಬರೆದ ಉಬ್ಬರವಿಳಿತದ ಪುಸ್ತಕಗಳು. ನಮ್ಮ ಧಕ್ಕೆಯ, ಅಂದರೆ ದೋಣಿ ಕಟ್ಟುವ ಕಟ್ಟೆಯ, ಗೋಡೆಗೆ ಅಳತೆಯ ಗೆರೆಗಳಿದ್ದ ಒಂದು ಕಂಬ ಬಡಿದಿತ್ತು. ಹಗಲಲ್ಲಿ ಗಂಟೆಗೊಮ್ಮೆ ನೀರು ಆ ಕಂಬದಲ್ಲಿ ಎಲ್ಲಿಗೆ ಬಂದಿದೆ ಎಂದು ನೋಡುವುದು, ಬರೆಯುವುದು: ನನ್ನ ಕೆಲಸ ಇಷ್ಟೇ. ಮೊದಲು ಪೆನ್ಸಿಲಿನಲ್ಲಿ ಕಚ್ಚಾ ಪುಸ್ತಕದಲ್ಲಿ ಬರೆಯಬೇಕು, ಏಕೆಂದರೆ ಮಳೆಗೆ ಶಾಯಿ ನಿಲ್ಲುವುದಿಲ್ಲ. ಸಂಜೆ ಮೇಜಿನ ಮುಂದೆ ಕೂತು ಅದನ್ನೇ ಶಾಯಿಯಲ್ಲಿ ಪಕ್ಕಾ ಪುಸ್ತಕಕ್ಕೆ ಇಳಿಸಬೇಕು. ಪಕ್ಕಾ ಪುಸ್ತಕದ ಒಂದು ಪ್ರತಿ ಮೇಲಿನ ಕಚೇರಿಗೆ ಹೋಗುತ್ತಿತ್ತು, ಒಂದು ನನ್ನ ಬಳಿ ಉಳಿಯುತ್ತಿತ್ತು. ಆ ಉಳಿದ ಪ್ರತಿಗಳನ್ನು ಕೇಳಿದವಳು ನನ್ನ ಅಕ್ಕನ ಮಗಳು ವೀಣಾ. ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದಲ್ಲಿ ಕಡಲ ಮಟ್ಟ ಎಷ್ಟು ಏರಿದೆ ಎಂದು ಸಂಶೋಧನೆ ಮಾಡುತ್ತಾಳೆ. "ಮಾವ, ಅಂಚೆಯಲ್ಲಿ ಕಳಿಸ್ಬೇಡಿ. ನೀವೇ ತಕೊಂಡು ಬನ್ನಿ. ಅಮ್ಮನಿಗೂ ನಿಮ್ಮನ್ನು ನೋಡಿದ ಹಾಗಾಗ್ತದೆ" ಎಂದು ಫೋನು ಮಾಡಿದ್ದಳು.

ಆ ಪುಸ್ತಕಗಳಲ್ಲಿ ಒಂದು ಸುಳ್ಳಿತ್ತು. ಅದು ಗೊತ್ತಿದ್ದವನು ನಾನೊಬ್ಬನೇ.

ಕಸ್ಬಾ, ನಾಲ್ಕನೇ ಮಹಡಿ

ವೀಣಾಳ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಆಗ ಅಸ್ಸಾಮಿಗೆ ವರ್ಗವಾಗಿ ಹೋಗಿದ್ದರು. ಕಸ್ಬಾದ ಫ್ಲ್ಯಾಟಿನಲ್ಲಿ ಇದ್ದವರು ಮೂವರು: ವೀಣಾ, ಅವಳ ಹತ್ತು ವರ್ಷದ ಮಗಳು ತನ್ವಿ, ಮತ್ತೆ ನನ್ನ ಲಲಿತಕ್ಕ. ಅಕ್ಕ ಬಾಗಿಲು ತೆಗೆದವಳು ಮೊದಲು ಪೆಟ್ಟಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಬಂದ ನೋಡು ಕಡಲು ಅಳೆಯುವವ! ಎಷ್ಟು ಸಪೂರ ಆಗಿದ್ದೀ ಶೀನ. ಊಟ ಮಾಡುದು ಬಿಟ್ಟಿದ್ದೀಯಾ ಎಂಥ ಕತೆ?"

ತನ್ವಿಗೆ ಕನ್ನಡ ಎಲ್ಲವೂ ಅರ್ಥವಾಗುತ್ತದೆ. ಮಾತಾಡಲು ಹೊರಟರೆ ಮೂರು ಭಾಷೆ ಒಟ್ಟಿಗೇ ಬಾಗಿಲಿಗೆ ಬರುತ್ತವೆ. "ಅಜ್ಜ, ನಿಮ್ಮ ಬಾಕ್ಸ್ ಮೇ ರಿಯಲೀ ಪೂರಾ ಸಮುದ್ರ ಉಂಟಾ?" ಎಂದು ಕೇಳಿದಳು. ಉಂಟು ಎಂದೆ. ಪೆಟ್ಟಿಗೆಗೆ ಕಿವಿ ಹಚ್ಚಿ ನೋಡಿ, "ಸೈಲೆಂಟ್" ಎಂದು ತೀರ್ಪು ಕೊಟ್ಟಳು.

ಮಧ್ಯಾಹ್ನ ಊಟಕ್ಕೆ ಅಕ್ಕ ನದಿಯ ಮೀನಿನ ಗಸಿ ಮಾಡಿದ್ದಳು. ಬಂಗಾಳಿಗಳು ನಮ್ಮ ಬಂಗುಡೆ, ಬೂತಾಯಿಯನ್ನು ಮೀನಿನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲವಂತೆ. ಅವರಿಗೆ ಸಿಹಿನೀರಿನದ್ದೇ ಆಗಬೇಕು, ಅದರ ಮುಳ್ಳು ಬಿಡಿಸುವುದೇ ಅವರಿಗೊಂದು ವಿದ್ಯೆ. ಎರಡೇ ತುತ್ತಿಗೆ ನನ್ನ ಗಂಟಲಿಗೆ ಒಂದು ಮುಳ್ಳು ಹೊಕ್ಕಿತು. ತನ್ವಿ ನನ್ನ ಮುಂದೆ ಒಂದು ಉಂಡೆ ಬರಿ ಅನ್ನ ಹಿಡಿದು, ಅಗಿಯದೆ ನುಂಗಬೇಕೆಂದು ಡಾಕ್ಟರಮ್ಮನ ಹಾಗೆ ಹೇಳಿದಳು.

ಬಾಲ್ಕನಿಯಿಂದ ನೋಡಿದರೆ ಕೆಳಗೊಂದು ಕೆರೆ. ಬಂಗಾಳಿಗಳು ಪುಕುರ್ ಎನ್ನುತ್ತಾರೆ. ಅರ್ಧ ಕೆರೆ ಇತ್ತು, ಇನ್ನರ್ಧ ಆಗಲೇ ಬೂದುಬಣ್ಣದ ನೆಲವಾಗಿತ್ತು. ಲಾರಿಗಳು ಬಂದು ಪುಡಿ ಸುರಿಯುತ್ತಿದ್ದವು. ಆಚೆಗೆ ಗಾಜಿನ ಕಟ್ಟಡಗಳು, ಒಂದೊಂದರ ಬೆನ್ನಿಗೂ ಸಾಲು ಸಾಲಾಗಿ ಎ.ಸಿ. ಪೆಟ್ಟಿಗೆಗಳು. ಕಂಪ್ಯೂಟರ್ ಕಂಪನಿಗಳು ಬರುತ್ತಿವೆ, ಇನ್ನೂ ಬರಲಿಕ್ಕಿವೆ ಎಂದು ನಗರಕ್ಕೆ ನಗರವೇ ಹಿಗ್ಗಿನಲ್ಲಿದ್ದ ಕಾಲ ಅದು.

"ಅದೆಂಥ ಪುಡಿ?" ಎಂದು ವೀಣಾಳನ್ನು ಕೇಳಿದೆ.

"ಕಲ್ಲಿದ್ದಲಿನ ಬೂದಿ ಮಾವ. ಆ ಎ.ಸಿ.ಗಳಿಗೆ ಕರೆಂಟು ಬೇಕಲ್ಲ, ಅದಕ್ಕೆ ಕಲ್ಲಿದ್ದಲು ಸುಡ್ತಾರೆ. ಬೂದಿ ತಂದು ಕೆರೆಗೆ ಹಾಕ್ತಾರೆ. ಹೊಗೆ ಮೇಲೆ ಹೋಗಿ ಕಂಬಳಿ ಹೊದೆಸಿದ ಹಾಗೆ ಕೂತ್ಕೊಳ್ತದೆ. ಅದರಿಂದ ಕಡಲು ಬಿಸಿ ಆಗ್ತದೆ, ಬಿಸಿ ಆದದ್ದು ಉಬ್ತದೆ. ಬಾಣಲೆಯ ಎಣ್ಣೆ ನೋಡಿದ್ದೀರಲ್ಲ, ಹಾಗೆ. ಮೇಲಿಂದ ಹಿಮ ಬೇರೆ ಕರಗಿ ಬರ್ತಾ ಉಂಟು." ಅಷ್ಟು ಹೇಳಿ ಒಳಗೆ ಹೋಗಿ ಅವಳೇ ಎ.ಸಿ. ಹಾಕಿದಳು. "ಏನ್ಮಾಡುದು, ಈ ಸೆಕೆಗೆ ನನ್ನ ತಲೆಯೂ ಓಡುದಿಲ್ಲ" ಎಂದು ನಾಚಿಕೊಂಡಳು.

ನನ್ನ ಪುಸ್ತಕ ಅವಳಿಗೆ ಏಕೆ ಬೇಕೆಂಬುದೂ ಆಗಲೇ ತಿಳಿಯಿತು. ಬಂಗಾಳದ ಮುಖಜಭೂಮಿ ಬರಿಯ ಕೆಸರು, ಅದು ತಾನಾಗಿಯೂ ಕುಸಿಯುತ್ತದೆ. ಇಲ್ಲಿ ನೀರು ಏರಿದೆ ಎಂದರೆ, ಏರಿದ್ದು ಕಡಲೋ ಇಳಿದದ್ದು ನೆಲವೋ ಎಂಬ ತಕರಾರು ಬರುತ್ತದೆ. ನಮ್ಮ ಧಕ್ಕೆ ನಿಂತಿರುವುದು ಗಟ್ಟಿ ಬಂಡೆಯ ಮೇಲೆ. ಅಲ್ಲಿ ಏರಿದ್ದರೆ ಅದು ಕಡಲಿನದ್ದೇ. "ನಿಮ್ಮದು ಕಲ್ಲಿನ ಮೇಲಿನ ಲೆಕ್ಕ ಮಾವ. ಅದನ್ನು ಯಾರೂ ಅಲ್ಲ ಅನ್ನುವ ಹಾಗಿಲ್ಲ" ಎಂದು ವೀಣಾ ಪಕ್ಕಾ ಪುಸ್ತಕದ ಹಾಳೆಗಳನ್ನು ಸವರಿದಳು.

ಈಗ ಆ ಸುಳ್ಳಿನ ವಿಷಯ. ಮೇಲಿನ ಕಚೇರಿಯಿಂದ ವರ್ಷಕ್ಕೊಂದು ಅಚ್ಚಿನ ಪಟ್ಟಿ ಬರುತ್ತಿತ್ತು. ಯಾವ ದಿನ ಯಾವ ಹೊತ್ತಿಗೆ ನೀರು ಎಲ್ಲಿರಬೇಕು ಎಂದು ಅದರಲ್ಲಿ ಇರುತ್ತಿತ್ತು. ಗಾಳಿ ಬಂದರೆ ಒಂದು ಗೇಣು ಹೆಚ್ಚುಕಡಿಮೆ ಆಗುವುದು ಸಹಜ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ನಾನು ಕೆಲಸಕ್ಕೆ ಸೇರಿ ಐದಾರು ವರ್ಷವಾದ ಮೇಲೆ, ವರ್ಷಪೂರ್ತಿ ನನ್ನ ನೀರು ಪಟ್ಟಿಗಿಂತ ಒಂದು ಬೆರಳು ಮೇಲೆಯೇ ನಿಲ್ಲತೊಡಗಿತು. ವ್ಯತ್ಯಾಸ ಯಾಕೆ ಎಂದು ಪತ್ರ ಬಂತು. ನಮ್ಮ ಆಗಿನ ಸಾಹೇಬರು ಸಮಾಧಾನದ ಮನುಷ್ಯ. "ಧಕ್ಕೆಯ ಗೋಡೆ ಸ್ವಲ್ಪ ಕುಸಿದಿರಬೇಕು ಶ್ರೀನಿವಾಸ. ಕಂಬವೂ ಒಟ್ಟಿಗೆ ಇಳಿದಿರ್ತದೆ. ಒಂದು ಬೆರಳು ಕಳೆದು ಬರಿ" ಎಂದರು. ನಾನು ಕಳೆದೆ. ಪತ್ರಗಳು ನಿಂತವು. ಸಾಹೇಬರು ಬದಲಾದರೂ ಕಳೆಯುವುದು ಬದಲಾಗಲಿಲ್ಲ. ಹೊಸಬರಿಗೆ ಅದನ್ನು ಕಲಿಸಿಕೊಟ್ಟವನು ನಾನೇ. ಒಂದು ಬೆರಳು ಎರಡಾಯಿತು, ಕೊನೆಕೊನೆಗೆ ಮೂರಾಯಿತು. ಕಂಬದಲ್ಲಿ ಕಂಡದ್ದು ಪೆನ್ಸಿಲಿನಲ್ಲಿ ಉಳಿಯಿತು. ಶಾಯಿಯಲ್ಲಿ ಕಡಲು ಇದ್ದಲ್ಲೇ ಇತ್ತು.

ನಿವೃತ್ತಿಗೆ ಎರಡು ವರ್ಷ ಇರುವಾಗ ಕಚೇರಿಯ ಗೋಡೆ ರಿಪೇರಿಗೆ ಒಬ್ಬ ಮೇಸ್ತ್ರಿ ಬಂದಿದ್ದ. ಅವನ ಬಳಿ ಮಟ್ಟ ನೋಡುವ ನೀರಿನ ಪೈಪು ಇತ್ತು. ಅವನು ಊಟಕ್ಕೆ ಹೋದಾಗ ಅದನ್ನು ಎತ್ತಿಕೊಂಡು, ಬಂಡೆಯ ಮೇಲೆ ಕಂಬದ ತುದಿಗೆ ಸಮನಾಗಿ ಹಿಂದಿನವರು ಕೊರೆದಿಟ್ಟ ಗುರುತಿನಿಂದ ಕಂಬದವರೆಗೆ ಹಿಡಿದು ನೋಡಿದೆ. ಮೂರು ಸಲ ನೋಡಿದೆ. ಧಕ್ಕೆ ಒಂದು ನೂಲಿನಷ್ಟೂ ಕುಸಿದಿರಲಿಲ್ಲ.

ಪೈಪು ಸುತ್ತಿ ಅದರ ಜಾಗದಲ್ಲೇ ಇಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ಅಷ್ಟೂ ವರ್ಷದ ಪುಸ್ತಕ ತಪ್ಪೆಂದು ನಾನೇ ಒಪ್ಪಬೇಕಿತ್ತು. ಇದ್ದ ಒಂದು ಹೆಸರು ಅದೇ ಆಗಿತ್ತು, ಲೆಕ್ಕ ತಪ್ಪದವ ಎಂದು.

ಅದೇ ತಿಂಗಳು ಭಾವ, ಅಂದರೆ ಲಲಿತಕ್ಕನ ಯಜಮಾನರು, ನನ್ನನ್ನು ಹುಡುಕಿಕೊಂಡು ಧಕ್ಕೆಗೆ ಬಂದರು. ಕಡಲ ಬದಿಯಲ್ಲಿ ಅವರದ್ದೊಂದು ಹಂಚಿನ ಮನೆ, ಅದರ ಜಗಲಿಯಲ್ಲೇ ಬಲೆಯ ಅಂಗಡಿ. ನೆರೆಯವರಿಬ್ಬರು ಮನೆ ಬಿಟ್ಟು ಹೆದ್ದಾರಿಯ ಆಚೆ ಜಾಗ ಮಾಡಿಕೊಂಡಿದ್ದರು. "ಶೀನ, ನೀನು ದಿನಾ ಕಡಲು ಅಳೆಯುವವ. ನಾವೂ ಹೋಗ್ಬೇಕಾ? ನೀನು ಹೇಳಿದ ಹಾಗೆ" ಎಂದರು. ನಾನು ಪಕ್ಕಾ ಪುಸ್ತಕ ತೆರೆದು ತೋರಿಸಿದೆ. "ನೋಡಿ ಭಾವ, ನಾನು ಸೇರಿದಾಗ ಎಲ್ಲಿತ್ತೋ ಅಲ್ಲೇ ಉಂಟು." ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಎರಡನೆಯ ಮಳೆಗಾಲಕ್ಕೆ ಆ ಮನೆ ಕಡಲಿಗೆ ಹೋಯಿತು. ಇಬ್ಬರೂ ಆ ಮಳೆಗಾಲ ನನ್ನ ಮನೆಯಲ್ಲಿದ್ದರು. ಭಾವ ಮುಂದಿನ ಮಳೆಗಾಲ ಕಾಣಲಿಲ್ಲ. ಅಕ್ಕ ಮಗಳ ಜತೆ ಕೋಲ್ಕತ್ತಕ್ಕೆ ಬಂದಳು.

ಎಸ್ಪ್ಲನೇಡ್

ಶನಿವಾರ ತನ್ವಿ ನನ್ನನ್ನು ಗಂಗೆ ನೋಡಲು ಕರೆದುಕೊಂಡು ಹೋದಳು. ಹೌರಾದಿಂದ ಈಚೆ ದಡಕ್ಕೆ ಫೆರ್ರಿಯಲ್ಲಿ ದಾಟಿ ಘಾಟಿನ ಮೆಟ್ಟಿಲಲ್ಲಿ ಕುಳಿತೆವು. ಟಿಕೇಟು ಕಿಟಕಿಯ ಪಕ್ಕದಲ್ಲಿ ಉಬ್ಬರದ ಹೊತ್ತಿನ ಅಚ್ಚಿನ ಪಟ್ಟಿ ಅಂಟಿಸಿದ್ದರು. ತನ್ವಿಯಿಂದ ಓದಿಸಿದೆ. ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಖಚಿತವಾದ ಮೇಲೆ, ಚಪ್ಪಲಿ ಕೆಳಗಿನ ಮೆಟ್ಟಿಲಲ್ಲಿ ಬಿಟ್ಟು, ಕಾಲು ಇಳಿಬಿಟ್ಟು, ನದಿಗೆ ಉಬ್ಬರ ಹೇಗೆ ಬರುತ್ತದೆ ಎಂದು ಅವಳಿಗೆ ಪಾಠ ಶುರು ಮಾಡಿದೆ.

ಅಷ್ಟರಲ್ಲಿ ದೋಣಿಯವರು "ಬಾನ್! ಬಾನ್!" ಎಂದು ಕೂಗಿದರು. ಸ್ನಾನಕ್ಕೆ ಇಳಿದವರು ಗಡಿಬಿಡಿಯಿಲ್ಲದೆ ತಮ್ಮ ಬಟ್ಟೆ, ತಂಬಿಗೆ ಎತ್ತಿಕೊಂಡು ನಾಲ್ಕು ಮೆಟ್ಟಿಲು ಮೇಲೆ ಹತ್ತಿ ನಿಂತರು, ತನ್ವಿಯೂ ಹತ್ತಿದಳು. ನನ್ನ ಪಕ್ಕದ ಮುದುಕಿ ನನ್ನ ತೋಳು ಹಿಡಿದು ಎಳೆದಳು. ನಾನು ಪಟ್ಟಿಯ ಕಡೆ ಕೈ ತೋರಿಸುತ್ತ ಅಲ್ಲೇ ಇದ್ದೆ. ಕೆಳಗಿನಿಂದ ಉಬ್ಬರದ ನೀರು ಒಂದು ಕಂದು ಬಣ್ಣದ ಗೋಡೆಯಾಗಿ ಉರುಳಿ ಬಂದು ಸೊಂಟದವರೆಗೆ ನೆನೆಸಿ ಹೋಯಿತು. ಹೋಗುವಾಗ ನನ್ನ ಬಲಗಾಲಿನ ಚಪ್ಪಲಿಯನ್ನೂ ಒಯ್ದಿತು.

ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು, ಒದ್ದೆ ಪಂಚೆಯಲ್ಲಿ ಎಸ್ಪ್ಲನೇಡಿನ ಫುಟ್‌ಪಾತಿನಲ್ಲಿ ನಡೆದೆ. ನೂರು ಬಸ್ಸು, ಸಾವಿರ ಜನ, ಯಾರೂ ತಿರುಗಿ ನೋಡಲಿಲ್ಲ. ನಮ್ಮ ಊರಿನ ಪೇಟೆಯಾಗಿದ್ದರೆ ಹತ್ತು ಜನ ನಿಲ್ಲಿಸಿ ಕೇಳುತ್ತಿದ್ದರು. ಚಪ್ಪಲಿ ಅಂಗಡಿಯಲ್ಲಿ ಮಾತ್ರ ಮಾನ ಹೋಯಿತು. ತನ್ವಿ ಬಂಗಾಳಿಯಲ್ಲಿ ಪೂರ್ತಿ ಕಥೆ ಹೇಳಿದಳು. ನಮ್ಮ ಅಜ್ಜನ ಕೆಲಸವೇ ಉಬ್ಬರ ಅಳೆಯುವುದು ಎಂದು ಕೊನೆಗೆ ಸೇರಿಸಿದಳು. ಅಂಗಡಿಯವನು ಮೇಜು ತಟ್ಟಿ ತಟ್ಟಿ ನಕ್ಕ. ಬಂದ ಗಿರಾಕಿಗಳಿಗೂ ಹೇಳಿದ.

ಮನೆಯಲ್ಲಿ ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಾಪ, ಆ ನದಿಗೆ ನನ್ನ ತಮ್ಮನ ಗುರ್ತ ಇಲ್ಲ. ಊರಿನ ಕಡಲಾಗಿದ್ರೆ ಇವನ ಪುಸ್ತಕ ಕೇಳದೆ ಒಂದು ಮೆಟ್ಲು ಹತ್ತುದಿಲ್ಲ" ಎಂದಳು. ಅವಳು ತಮಾಷೆಗೆ ಹೇಳಿದ್ದು. ಮನೆ ಕಳೆದುಕೊಂಡ ಮೇಲೂ ಅವಳಿಗೆ ನನ್ನ ಪುಸ್ತಕದ ಮೇಲೆ ಕೋಪವಿರಲಿಲ್ಲ. ಕಡಲು ಏರದೆಯೇ ಮನೆ ಹೋದದ್ದು ತನ್ನ ಹಣೆಬರಹ ಎಂದು ಅವಳು ಒಪ್ಪಿಕೊಂಡಿದ್ದಳು.

ದ್ವೀಪ

ಮರುವಾರ ವೀಣಾ ತಾನು ತಿಂಗಳಿಗೊಮ್ಮೆ ಹೋಗುವ ದ್ವೀಪಕ್ಕೆ ನನ್ನನ್ನೂ ಕರೆದೊಯ್ದಳು. ದಕ್ಷಿಣದ ಲೋಕಲ್ ರೈಲು, ಆಮೇಲೆ ಸೈಕಲಿಗೆ ಹಲಗೆ ಕಟ್ಟಿದ ಗಾಡಿ, ಆಮೇಲೆ ಯಂತ್ರದ ದೋಣಿ. ಹಲಗೆಯ ಗಾಡಿಯಲ್ಲಿ ಕಾಲು ಇಳಿಬಿಟ್ಟು ಹಿಂದುಮುಂದಾಗಿ ಕೂರಬೇಕು. ನನ್ನ ಪಕ್ಕದಲ್ಲಿ ಕೂತ ಹೆಂಗಸಿನ ಬುಟ್ಟಿಯ ಬಾತುಕೋಳಿ ದಾರಿಯುದ್ದಕ್ಕೂ ನನ್ನ ಹೊಸ ಚಪ್ಪಲಿಯ ಪಟ್ಟಿಯನ್ನು ಕುಟುಕಿತು.

ದ್ವೀಪದ ಸುತ್ತ ಮಣ್ಣಿನ ಒಡ್ಡು. ಒಡ್ಡಿನ ಒಳಗೆ ಗದ್ದೆ, ಗುಡಿಸಲು. ಹೊರಗೆ ಒಡ್ಡಿಗಿಂತ ಸ್ವಲ್ಪವೇ ತಗ್ಗಿನಲ್ಲಿ ನೀರು. ಇಂಥದ್ದು ನಾನು ಕಂಡಿರಲಿಲ್ಲ. ನಮ್ಮಲ್ಲಿ ಕಡಲು ಬಂದರೆ ಹಿಂದೆ ಸರಿಯಲು ಗುಡ್ಡವಿದೆ. ಮಳೆಗಾಲ ಬಂತೆಂದರೆ ಸರಕಾರದ ಲಾರಿಗಳು ಕರಿಕಲ್ಲು ತಂದು ಸುರಿಯುತ್ತವೆ, ಕಡಲು ಅದನ್ನು ನುಂಗುತ್ತದೆ, ಮುಂದಿನ ವರ್ಷ ಮತ್ತೆ ಸುರಿಯುತ್ತಾರೆ. ಇಲ್ಲಿ ಒಂದು ಬೆಣಚುಕಲ್ಲು ಸಹ ಇರಲಿಲ್ಲ. ಒಡ್ಡಿನ ಹೊರಗಿನ ಕೆಸರಿನಲ್ಲಿ ಹೆಂಗಸರು ಸಾಲಾಗಿ ಬಗ್ಗಿ, ನಾವು ಕಾಂಡ್ಲಾ ಎನ್ನುವ ಗಿಡದ ಸಸಿಗಳನ್ನು ನೆಡುತ್ತಿದ್ದರು. "ಇದು ಬೇರು ಬಿಟ್ರೆ ಅಲೆಯ ಪೆಟ್ಟು ತಡೀತದೆ. ಹತ್ತರಲ್ಲಿ ನಾಲ್ಕು ಉಳಿದ್ರೂ ಆಯ್ತು" ಎಂದಳು ವೀಣಾ.

ನಾವು ನೋಡಲು ಹೋದದ್ದು ಹರಿಪದ ಎಂಬ ಮುದುಕನನ್ನು. ಅಲ್ಲಿಯ ಶಾಲೆಯಲ್ಲಿ ಜವಾನನಾಗಿದ್ದವನು. ಈಗಿನದ್ದು ಅವನ ಮೂರನೆಯ ಮನೆ. ಮೊದಲಿನ ಎರಡು ಎಲ್ಲಿ ಎಂದು ಕೇಳಿದೆ. ನೀರಿನ ಕಡೆ ಕೈ ಮಾಡಿ, ದೂರದಲ್ಲಿ ದೋಣಿ ಹೋಗುತ್ತಿದ್ದ ಜಾಗವನ್ನು ತೋರಿಸಿದ. ಅಲ್ಲಿ ಮೊದಲನೆಯದು. ಈಚೆಗೆ ಬಿದಿರಿನ ಗಳು ನೆಟ್ಟಲ್ಲಿ ಎರಡನೆಯದು. ನೆರೆಮನೆಯವರನ್ನು ತೋರಿಸುವ ಹಾಗೆ ತೋರಿಸಿದ.

ಶಾಲೆಯ ಒಂದು ಕಂಬ ಮಾತ್ರ ಉಳಿದಿತ್ತು. ಇಳಿತದ ಹೊತ್ತಿಗೆ ಅಲ್ಲಿಯವರೆಗೆ ಕೆಸರಿನಲ್ಲಿ ನಡೆದು ಹೋಗಬಹುದು. ಹರಿಪದ ನನ್ನ ಕೈ ಹಿಡಿದು ಕರೆದುಕೊಂಡು ಹೋದ. ಇಟ್ಟಿಗೆಯ ಕಂಬ. ಅದರಲ್ಲಿ ನನ್ನ ಮೊಣಕಾಲಿನಿಂದ ಎದೆಯವರೆಗೆ ಒಂದರ ಮೇಲೊಂದು ಕತ್ತಿಯಿಂದ ಕೆತ್ತಿದ ಗೀರುಗಳಿದ್ದವು. ಪ್ರತಿ ವರ್ಷ ಭಾದ್ರಪದದ ಹುಣ್ಣಿಮೆಗೆ ನೀರು ಎಲ್ಲಿಗೆ ಬಂತೋ ಅಲ್ಲಿ ಒಂದು ಗೀರು. ಯಾರು ಮಾಡಲು ಹೇಳಿದರು ಎಂದು ವೀಣಾಳಿಂದ ಕೇಳಿಸಿದೆ. ಹಿಂದಿನ ಮೇಷ್ಟರು ಒಮ್ಮೆ ಹೇಳಿದ್ದರಂತೆ. ಮೇಷ್ಟರು ಹೋದರು, ಶಾಲೆಯೂ ಹೋಯಿತು. ಬಿಡು ಎಂದು ಯಾರೂ ಹೇಳಲಿಲ್ಲವಾದ್ದರಿಂದ ಇವನು ಮಾಡುತ್ತಲೇ ಇದ್ದ. ನಾನು ಆ ಗೀರುಗಳ ಮೇಲೆ ಬೆರಳಾಡಿಸಿದೆ. ಒಂದನ್ನೂ ತಿದ್ದಿರಲಿಲ್ಲ.

ನಾನೂ ಕಂಬ ಓದುವವನೆಂದು ವೀಣಾ ಹೇಳಿದ್ದೇ ತಡ, ಮುದುಕ ನನ್ನ ಎರಡೂ ಕೈ ಹಿಡಿದುಕೊಂಡ. ಏನೋ ಕೇಳಿದ. ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತ.

ವೀಣಾ ಕನ್ನಡದಲ್ಲಿ ಹೇಳಿದಳು: "ಇವರಿಗೆ ಒಂದು ವಿಷಯ ಗೊತ್ತಾಗ್ಬೇಕಂತೆ ಮಾವ. ಹಿಂದೆ ಒಬ್ಬರು ಆಫೀಸರ್ ಬಂದು, ಬೇರೆ ಕಡೆ ಎಲ್ಲ ಕಡಲು ಇದ್ದಲ್ಲೇ ಉಂಟು, ನಿಮ್ಮ ಮಣ್ಣೇ ಸರಿ ಇಲ್ಲ, ನೀವು ಒಡ್ಡು ಸರಿ ಕಟ್ಟಿಲ್ಲ ಅಂತ ಹೇಳಿ ಹೋದ್ರಂತೆ. ಅಂದಿನಿಂದ ಊರಿನವರೆಲ್ಲ ಒಬ್ಬರ ಮೇಲೊಬ್ಬರು ತಪ್ಪು ಹಾಕ್ತಿದ್ದಾರೆ. ನಿಮ್ಮಲ್ಲಿ ಕಲ್ಲಿನ ಮೇಲೆ ಕಂಬ ಉಂಟಲ್ಲ, ಅಲ್ಲಿ ಏರಿದೆಯಾ ಅಂತ ಕೇಳ್ತಿದ್ದಾರೆ." ಆಮೇಲೆ ದನಿ ಇಳಿಸಿ, "ನಾನು ಪುಸ್ತಕ ನೋಡಿ ಆಯ್ತು. ಏರಿಲ್ಲ ಅಲ್ವಾ? ಹಾಗೇ ಹೇಳ್ಲಾ?" ಎಂದಳು.

ಬಾಯಿ ಬಿಟ್ಟಿದ್ದರೆ ಅಲ್ಲೇ ಮುಗಿಯುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಅವಳು ಬಂಗಾಳಿಯಲ್ಲಿ ಹೇಳಿದಳು. ಮುದುಕ ನನ್ನ ಕೈ ಬಿಟ್ಟ. ಸಿಟ್ಟು ಮಾಡಲಿಲ್ಲ. ಕಂಬವನ್ನು ಒಮ್ಮೆ ನೋಡಿ, "ಹಾಗಾದರೆ ದೋಷ ನಮ್ಮದೇ" ಎಂದನಂತೆ. ಒಡ್ಡು ಹತ್ತಿ ಬರುವಾಗ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೂ ಅದನ್ನೇ ಹೇಳಿದ. ಭತ್ತ ಕೇರುತ್ತಿದ್ದ ಅವಳ ಕೈಯ ಮೊರ ಅಲ್ಲೇ ನಿಂತಿತು. ಆಮೇಲೆ ಇಬ್ಬರೂ ಸೇರಿ ನಮಗೆ ಅನ್ನ, ಸಣ್ಣ ಮೀನಿನ ಸಾರು ಬಡಿಸಿದರು. ಉಪ್ಪುನೀರು ನುಗ್ಗಿದ ಗದ್ದೆಯ ಅಕ್ಕಿ, ಈ ಸಲ ಚೆನ್ನಾಗಿಲ್ಲ ಎಂದು ಅವಳು ನನ್ನಲ್ಲಿ ಕ್ಷಮೆ ಕೇಳಿದಳು. ಅವಳು, ನನ್ನಲ್ಲಿ.

ಮತ್ತೆ ಕಸ್ಬಾ

ಮರುದಿನ ಭಾನುವಾರ. ಬೆಳಗಿನ ಚಹಾ ಆಗಿತ್ತು. ವೀಣಾ ಊಟದ ಮೇಜಿನ ಮೇಲೆ ನನ್ನ ಪುಸ್ತಕಗಳನ್ನು ಹರಡಿಕೊಂಡು ಒಂದು ದೊಡ್ಡ ಹಾಳೆಯಲ್ಲಿ ಚುಕ್ಕೆ ಇಡುತ್ತಿದ್ದಳು. ಚುಕ್ಕೆಗಳು ಅಡ್ಡಡ್ಡ ನೆಟ್ಟಗೆ ಸಾಗಿದ್ದವು. ಅಕ್ಕ ನೆಲದ ಮೇಲೆ ಕೂತು ಅಲಸಂಡೆ ಮುರಿಯುತ್ತಿದ್ದಳು.

"ವೀಣಾ, ಚುಕ್ಕೆ ಇಡ್ಬೇಡ. ಅದು ಸುಳ್ಳು" ಎಂದೆ.

ಅಲ್ಲಿಂದ ಮುಂದೆ ನಿಲ್ಲಿಸಲಿಲ್ಲ. ಪತ್ರ ಬಂದದ್ದು, ಬೆರಳು ಕಳೆದದ್ದು, ಮೇಸ್ತ್ರಿಯ ಪೈಪು, ಎಲ್ಲವನ್ನೂ ಹೇಳಿದೆ. ಭಾವ ಬಂದು ಕೇಳಿದ್ದನ್ನೂ, ಪೈಪು ಹಿಡಿದು ನೋಡಿ ಗೊತ್ತಾದ ಮೇಲೆಯೇ ನಾನು ಅವರಿಗೆ ಪಕ್ಕಾ ಪುಸ್ತಕ ತೋರಿಸಿದ್ದನ್ನೂ ಹೇಳಿದೆ. ಅಲಸಂಡೆ ಮುರಿಯುವ ಸದ್ದು ಯಾವಾಗ ನಿಂತಿತೋ ಗೊತ್ತಿಲ್ಲ.

ವೀಣಾ ಪೆನ್ಸಿಲು ಕೆಳಗಿಟ್ಟಳು. ಆಮೇಲೆ ಸಂಶೋಧಕಿಯ ದನಿಯಲ್ಲಿ ಕೇಳಿದಳು: "ಎಷ್ಟು ಕಳೆದದ್ದು ಅಂತ ಪಕ್ಕಾ ಪುಸ್ತಕದಲ್ಲಿ ಎಲ್ಲೂ ಬರ್ದಿಲ್ವಾ?"

"ಇಲ್ಲ."

"ಅಡ್ಡಿಲ್ಲ ಮಾವ. ಪೆನ್ಸಿಲಿನ ಕಚ್ಚಾ ಪುಸ್ತಕ ಉಂಟಲ್ಲ? ಅದರಲ್ಲಿ ಇರ್ತದೆ ಸರಿಯಾದದ್ದು. ಅದು ಸಿಕ್ಕಿದ್ರೆ ಎಲ್ಲ ಸರಿ ಮಾಡ್ಬಹುದು. ಎಲ್ಲುಂಟು ಅದು?"

ಉತ್ತರ ಕೊಟ್ಟವಳು ಅಕ್ಕ.

"ನೀಲಿ ರಟ್ಟಿನದ್ದಾ ಶೀನ? ಹುರಿ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದದ್ದು?"

ನಾನು ನೆಲ ನೋಡಿದೆ.

ಅವಳು ಯಾರಿಗೂ ಅಲ್ಲದ ಹಾಗೆ, ನೆನಪು ಮಾಡಿಕೊಳ್ಳುವ ಹಾಗೆ ಹೇಳುತ್ತ ಹೋದಳು. ಮನೆ ಕಡಲಿಗೆ ಹೋದ ಆ ಮಳೆಗಾಲ. ಕಟ್ಟಿಗೆಯೆಲ್ಲ ಒದ್ದೆ. ಭಾವನಿಗೆ ಜ್ವರ ಬಿಟ್ಟು ಬೆವರಿತ್ತು, ಮೀಯಲು ಬಿಸಿನೀರು ಬೇಕಿತ್ತು. ಬಚ್ಚಲೊಲೆ ಹೊತ್ತುತ್ತಲೇ ಇರಲಿಲ್ಲ. "ನೀನು ಅಟ್ಟದಿಂದ ಒಂದು ಹೊರೆ ಪುಸ್ತಕ ತಂದೆ. ರದ್ದಿ ಅಕ್ಕ, ಒಲೆಗೆ ಹಾಕು ಅಂದೆ. ಮಾರನೇ ದಿನ ಇನ್ನೊಂದು ಹೊರೆ. ಮಳೆ ಬಿಡುವವರೆಗೆ ದಿನಾ ಹಾಕಿದ್ದೇನೆ. ಒಂದೊಂದೇ ಹಾಳೆ ಹರ್ದು, ಊದಿ ಊದಿ." ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ನಿನಗೆ ಗೊತ್ತಿದ್ದೂ ನನ್ನ ಕೈಯಲ್ಲಿ ಹಾಕಿಸಿದೆಯಲ್ಲ ಶೀನ."

ಹೌದು, ಗೊತ್ತಿದ್ದೇ ಮಾಡಿದ್ದು. ಮನೆ ಹೋದ ಮೇಲೆ ಆ ಪುಸ್ತಕಗಳು ಅಟ್ಟದಲ್ಲಿ ಇರುವಷ್ಟು ದಿನ ನನಗೆ ನಿದ್ದೆ ಇರಲಿಲ್ಲ. ನಾನೇ ಸುಡುವಷ್ಟು ಧೈರ್ಯವೂ ಇರಲಿಲ್ಲ.

ಅಕ್ಕ ಅಲಸಂಡೆಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ವೀಣಾ ಅಳುತ್ತಿದ್ದಳು. ಅಳುತ್ತಲೇ ನನಗೆ ಸಮಾಧಾನ ಹೇಳಲು ನೋಡಿದಳು: ಮನೆ ಹೋಗಲು ಅದೊಂದೇ ಕಾರಣ ಆಗಿರಲಿಕ್ಕಿಲ್ಲ ಮಾವ, ಅಳಿವೆಯ ಬಾಯಲ್ಲಿ ಕಲ್ಲಿನ ಗೋಡೆ ಕಟ್ಟಿದ್ದಾರೆ, ದಡದ ಹೊಯಿಗೆ ಮರಳನ್ನು ಲಾರಿಯಲ್ಲಿ ಹೊತ್ತಿದ್ದಾರೆ, ಎಲ್ಲ ಒಟ್ಟಿಗೆ ಸೇರ್ತದೆ. ಅದೆಲ್ಲ ನಿಜವೇ. ಆದರೆ ಭಾವ ಆ ಕಾರಣಗಳನ್ನು ಕೇಳಲು ಬಂದಿರಲಿಲ್ಲ. ಹೋಗಬೇಕೋ ಬೇಡವೋ ಎಂದು ಕೇಳಲು ಬಂದಿದ್ದರು.

ವೀಣಾ ಹಾಳೆಯಿಂದ ನಮ್ಮ ಬಂದರಿನ ಚುಕ್ಕೆಗಳನ್ನೆಲ್ಲ ರಬ್ಬರಿನಿಂದ ಅಳಿಸಿದಳು. ನಡೆದದ್ದನ್ನೆಲ್ಲ ನಾನು ನಾಲ್ಕು ಪುಟ ಬರೆದು ಸಹಿ ಹಾಕಿ ಅವಳ ಕೈಗೆ ಕೊಟ್ಟೆ. ಹರಿಪದನಿಗೆ ಹೇಳಬೇಕಾದದ್ದನ್ನು ಬೇರೆ ಚೀಟಿಯಲ್ಲಿ ಬರೆದೆ: ನಮ್ಮಲ್ಲೂ ಏರಿದೆ, ದೋಷ ನಿಮ್ಮ ಮಣ್ಣಿನದಲ್ಲ, ಆ ದಿನ ನಾನು ಸುಳ್ಳು ಹೇಳಿದೆ. ಮುಂದಿನ ಸಲ ಹೋದಾಗ ಓದಿ ಹೇಳುತ್ತೇನೆ ಎಂದಳು.

ನಾನು ಅಲ್ಲಿದ್ದ ಇನ್ನು ನಾಲ್ಕು ದಿನ ಅಕ್ಕ ನನಗೆ ಹೊತ್ತು ಹೊತ್ತಿಗೆ ಬಡಿಸಿದಳು, ನನ್ನ ಪಂಚೆ ಒಗೆದು ಹಾಕಿದಳು. ಮಾತಾಡಲಿಲ್ಲ. ಬಾಲ್ಕನಿಯ ಕೆಳಗೆ ಕೆರೆ ಇನ್ನಷ್ಟು ಕಿರಿದಾಯಿತು. ಹೊರಡುವ ದಿನ ರೈಲಿಗೆಂದು ಅವಲಕ್ಕಿಯ ಡಬ್ಬಿ ಬಾಗಿಲ ಬಳಿ ಇಟ್ಟಿದ್ದಳು. ಅವಳು ಬಾಗಿಲಿಗೆ ಬರಲಿಲ್ಲ. ಹೌರಾದಲ್ಲಿ ಪೆಟ್ಟಿಗೆ ಎತ್ತಿದ ಕೂಲಿ ಒಂದೇ ಕೈಯಲ್ಲಿ ಎತ್ತಿದ. ಅದು ಖಾಲಿಯಾಗಿತ್ತು.

ಧಕ್ಕೆ

ಊರಿಗೆ ಬಂದ ಮರುದಿನ ಧಕ್ಕೆಗೆ ಹೋದೆ. ಕಂಬಕ್ಕೆ ತುಕ್ಕು ಹಿಡಿದಿತ್ತು, ಗೆರೆಗಳು ಅರ್ಧ ಮಾಸಿದ್ದವು. ನನ್ನ ನಂತರ ಓದುವವರನ್ನು ಯಾರನ್ನೂ ನೇಮಿಸಿರಲಿಲ್ಲ. ನಾನೇ ಮತ್ತೆ ಓದುತ್ತೇನೆ ಎಂದು ಕೇಳಿಕೊಂಡೆ. ಈಗಿನ ಸಾಹೇಬರು ಎಳೆಯವರು, ಮುದುಕನಿಗೆ ಹೊತ್ತು ಹೋಗುವುದಿಲ್ಲ ಎಂದುಕೊಂಡು ಒಪ್ಪಿದರು. ಗೆರೆಗಳಿಗೆ ಬಣ್ಣ ಹಚ್ಚಿದೆ, ಬಂಡೆಯ ಗುರುತಿನಿಂದ ಮತ್ತೊಮ್ಮೆ ಮಟ್ಟ ಹಿಡಿದೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ನೋಡುತ್ತೇನೆ. ಪೆನ್ಸಿಲಿನಲ್ಲಿ ಬರೆಯುತ್ತೇನೆ. ಆ ಹಾಳೆಗಳನ್ನೇ ವಾರಕ್ಕೊಮ್ಮೆ ವೀಣಾಳಿಗೆ ಅಂಚೆಗೆ ಹಾಕುತ್ತೇನೆ. ಉಪಯೋಗಕ್ಕೆ ಬರಲು ಹತ್ತಿಪ್ಪತ್ತು ವರ್ಷದ ಲೆಕ್ಕ ಬೇಕಂತೆ. ಅಷ್ಟು ವರ್ಷ ನನ್ನಲ್ಲಿ ಇಲ್ಲ. ಅಷ್ಟು ವರ್ಷ ನನ್ನಲ್ಲಿ ಇತ್ತು.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ವೀಣಾ ಫೋನು ಮಾಡಿದಳು. ದ್ವೀಪಕ್ಕೆ ಹೋಗಿ ಚೀಟಿ ಓದಿ ಹೇಳಿದಳಂತೆ. ಮುದುಕ ಏನೆಂದ ಎಂದು ಕೇಳಿದೆ. ಬೈದಿರಲಿ ಎಂದು ಆಸೆಪಟ್ಟೆ.

"ಬೈಲಿಲ್ಲ ಮಾವ. ಹಾಗಾದ್ರೆ ಅವರ ಊರಿನವರಿಗೆ ಹಿಂದೆ ಹೋಗ್ಲಿಕ್ಕೆ ಜಾಗ ಉಂಟಾ ಅಂತ ಕೇಳಿದ್ರು."

ಆ ಕಡೆ ಫೋನು ಕೈ ಬದಲಾದ ಸದ್ದಾಯಿತು.

"ಶೀನ." ಅಕ್ಕನ ದನಿ. "ಇವತ್ತು ಎಷ್ಟುಂಟು ನೀರು?"

ಏಳು ಗಂಟೆಯದ್ದನ್ನು ಆಗಷ್ಟೇ ಬರೆದು ಬಂದಿದ್ದೆ. ಕಂಡದ್ದನ್ನು ಕಂಡ ಹಾಗೆ, ಬೆರಳೂ ಕಳೆಯದೆ ಓದಿ ಹೇಳಿದೆ.

ಅವಳು ಕೇಳಿಸಿಕೊಂಡಳು.

"ಇದನ್ನು ನಿನ್ನ ಭಾವನಿಗೆ ಹೇಳ್ಬೇಕಿತ್ತು ನೀನು" ಎಂದು ಹೇಳಿ ಫೋನು ಇಟ್ಟಳು.